ಕೊಡೆ ಓರೆ ಹಿಡಿದವನನ್ನು ಕಂಡು ಬಂದ ಕಣ್ಣೀರು

ಪ್ರಶ್ನೆ (ಪತ್ರದ ಸಾರ): ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಅಡಿಕೆ ಕೃಷಿಕರ ಮನೆಯ ಸೊಸೆ, ಕನ್ನಡ ಶಾಲೆಯಲ್ಲಿ ಅಧ್ಯಾಪಿಕೆ. ವಯಸ್ಸು 43. ಒಂದು ವರ್ಷದಿಂದ ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಕೊರಿಯಾದ ಪ್ರೇಮ ಧಾರಾವಾಹಿಗಳನ್ನು ನೋಡುತ್ತೇನೆ. ಮೊನ್ನೆ, ಮಳೆಯಲ್ಲಿ ನಾಯಕನು ಕೊಡೆಯನ್ನು ನಾಯಕಿಯ ಕಡೆಗೆ ಓರೆ ಹಿಡಿದು ತನ್ನ ಒಂದು ಹೆಗಲನ್ನು ಪೂರ್ತಿ ನೆನೆಸಿಕೊಂಡದ್ದನ್ನು ಕಂಡು ಅಳು ತಡೆಯಲಾಗಲಿಲ್ಲ. ಎಚ್ಚರವಾದ ಯಜಮಾನರು ವಿಷಯ ತಿಳಿದು, "ನನ್ನಲ್ಲಿ ಏನು ಕೊರತೆ ಕಂಡಿತು?" ಎಂದರು. ಅಂದಿನಿಂದ ಮಾತು ಕಡಿಮೆಯಾಗಿದೆ. ಮಗಳು ನಗುತ್ತಾಳೆ. ಈ ವಯಸ್ಸಿನಲ್ಲಿ ಇದು ಮನಸ್ಸಿನ ಕಾಯಿಲೆಯೇ? ನೋಡುವುದನ್ನು ಬಿಡಬೇಕೇ?

ಉತ್ತರ: ಸೋದರಿ, ಇದು ಕಾಯಿಲೆಯಲ್ಲ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರು ಹೇಳಿಕೊಂಡು ಬಂದ ರಾಮಾಯಣ ಪ್ರಸಂಗಗಳಲ್ಲಿ ಸೀತೆಯ ದುಃಖಕ್ಕೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಬೆಳಗಿನವರೆಗೂ ಕುಳಿತ ಅಜ್ಜಿಯಂದಿರ ಸೀಮೆ ನಿಮ್ಮದು. ಆ ಕಣ್ಣೀರನ್ನು ಯಾರೂ ವಿಕಾರವೆಂದು ಕರೆಯಲಿಲ್ಲ. ಇನ್ನು ವಯಸ್ಸಿನ ಮಾತು. 2002ರಲ್ಲಿ ಕೊರಿಯಾದಲ್ಲಿ ತೆರೆಕಂಡ 'ವಿಂಟರ್ ಸೊನಾಟಾ' ಎಂಬ ಧಾರಾವಾಹಿಯನ್ನು ಮರುವರ್ಷ ಜಪಾನಿನ ಎನ್‌ಎಚ್‌ಕೆ ವಾಹಿನಿ ಪ್ರಸಾರ ಮಾಡಿದಾಗ ಅದನ್ನು ಎದೆಗೆ ಹಚ್ಚಿಕೊಂಡವರಲ್ಲಿ ಹೆಚ್ಚಿನವರು ನಡುವಯಸ್ಸಿನ ಗೃಹಿಣಿಯರು; 2004ರ ನವೆಂಬರಿನಲ್ಲಿ ನಾಯಕ ನಟ ಬೇ ಯಾಂಗ್-ಜೂನ್ ಅಲ್ಲಿಗೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಸಾವಿರಾರು ಮಂದಿ ಕಾದು ನಿಂತಿದ್ದರು. ಸಂಸಾರದಲ್ಲಿ ಪಳಗಿದ ಹೆಂಗಸರ ಮನಸ್ಸನ್ನೇ ಈ ಕಥೆಗಳು ಆಳವಾಗಿ ತಟ್ಟುವುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಈ ನಾಯಕರಲ್ಲಿ ಅನೇಕರನ್ನು ಬರೆದವರು ಕಿಮ್ ಉನ್-ಸೂಕ್, ಪಾರ್ಕ್ ಜಿ-ಉನ್ ಅವರಂತಹ ಲೇಖಕಿಯರು. ನಾಯಕಿಯ ಊಟವಾಯಿತೇ, ಕೈ ತಣ್ಣಗಾಗಿದೆಯೇ, ಚಪ್ಪಲಿ ಕಚ್ಚುತ್ತಿದೆಯೇ ಎಂಬುದನ್ನೆಲ್ಲ ಗಮನಿಸುವ ಗಂಡಸನ್ನು ಅವರು ಬಿಡಿಬಿಡಿಯಾಗಿ, ಅವಸರವಿಲ್ಲದೆ ಕಟ್ಟುತ್ತಾರೆ. ನೀವು ಅತ್ತದ್ದು ಅವನ ಚೆಲುವಿಗಲ್ಲ. ಒಬ್ಬನು ಒಬ್ಬಳನ್ನು ಗಮನಿಸಿದನಲ್ಲ, ಅದಕ್ಕೆ.

ಇನ್ನೊಂದು ಕಾರಣ ನೀವು ನೋಡುವ ರೀತಿಯಲ್ಲಿದೆ. ಸಾಮಾನ್ಯವಾಗಿ 16 ಕಂತುಗಳ ಈ ಕಥೆಗಳು ಕೊರಿಯಾದಲ್ಲಿ ವಾರಕ್ಕೆ ಎರಡರಂತೆ ಎಂಟು ವಾರ ನಡೆಯುತ್ತವೆ, ಪ್ರತಿ ಕಂತನ್ನೂ ಉಸಿರು ಬಿಗಿಹಿಡಿಯುವ ಜಾಗದಲ್ಲಿ ತಂದು ನಿಲ್ಲಿಸಿ ಮರುದಿನದವರೆಗೋ ಮುಂದಿನ ವಾರದವರೆಗೋ ಕಾಯಿಸುತ್ತಾರೆ, ಆ ಕಾಯುವಿಕೆಯಲ್ಲಿ ಭಾವನೆ ತಣಿಯುತ್ತದೆ. ನೀವೋ ರಾತ್ರಿ ಎರಡು ಗಂಟೆಯವರೆಗೆ ಕುಳಿತು ನಾಲ್ಕು ದಿನದಲ್ಲಿ ಒಂದು ಕಥೆಯನ್ನೇ ಮುಗಿಸಿದ್ದೀರಿ ಎಂದು ಬರೆದಿದ್ದೀರಿ. ನಿದ್ದೆಗೆಟ್ಟ ಕಣ್ಣಿಗೆ ಅಳು ಬೇಗ ಬರುತ್ತದೆ. ಆದ್ದರಿಂದ ಬಿಡಬೇಡಿ, ದಿನಕ್ಕೆ ಒಂದೇ ಕಂತು ಸಾಕು. ಕಥೆ ಮುಗಿದ ಮೇಲೂ ವಾರಗಟ್ಟಲೆ ನಿದ್ದೆ, ಊಟ, ಶಾಲೆಯ ಕೆಲಸ ಯಾವುದೂ ಹಿಡಿಸದೆ ಹೋದರೆ ಮಾತ್ರ ವೈದ್ಯರನ್ನು ಕಾಣಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಧಾರಾವಾಹಿಯ ವಿಷಯವಲ್ಲ. ಜೂನ್ ತಿಂಗಳ ಒಂದು ಸಂಜೆ ಬಸ್ಸಿಳಿದು ಪೂರ್ತಿ ನೆನೆದು ಮನೆ ಸೇರಿದಾಗ, ಅಡಿಕೆಗೆ ಮದ್ದು ಬಿಟ್ಟು ಮೈಲುತುತ್ತಿನಿಂದ ಕೈಯೆಲ್ಲ ನೀಲಿಯಾಗಿದ್ದ ಯಜಮಾನರು ನಿಮ್ಮ ಮುಖ ನೋಡದೆ, "ನಾಳೆ ಮಳೆ ಬಿಟ್ಟೀತೇ?" ಎಂದು ಮಾತ್ರ ಕೇಳಿದರೆಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಆ ಕೊಡೆಯ ದೃಶ್ಯದಲ್ಲಿ ನಿಮ್ಮನ್ನು ಅಳಿಸಿದ್ದು ಈ ಸಂಜೆಯೇ ಎಂದು ನನಗೆ ತೋರುತ್ತದೆ.

"ತೋಟದಲ್ಲಿ ಬೆವರು ಸುರಿಸುವುದು ನಿನಗಾಗಿಯೇ ಅಲ್ಲವೇ, ಅದೂ ಪ್ರೀತಿಯೇ" ಎಂದು ಹಿರಿಯರು ನಿಮ್ಮನ್ನು ಸಮಾಧಾನಪಡಿಸಬಹುದು. ಅದು ನಿಜ. ಕೊಳೆರೋಗ ತಗಲಿದರೆ ವರ್ಷದ ಫಸಲೇ ಕೈಬಿಡುವ ಆ ದಿನಗಳಲ್ಲಿ ಅವರ ಚಿತ್ತವೆಲ್ಲ ಆಕಾಶದ ಮೇಲಿರುತ್ತದೆ. ಆದರೂ "ಪೂರ್ತಿ ನೆನೆದೆಯಲ್ಲ" ಎಂಬ ಒಂದು ಮಾತನ್ನು ಬಯಸುವ ಹಕ್ಕು ನಿಮಗಿದೆ, ಅದನ್ನು ದುಡಿಮೆಯ ಲೆಕ್ಕಕ್ಕೆ ವಜಾ ಮಾಡಿಕೊಳ್ಳಬೇಕಾಗಿಲ್ಲ.

ಅವರ ನೋವನ್ನೂ ನೋಡಿ. ತನಗೆ ತಿಳಿಯದಂತೆ, ಪಕ್ಕದಲ್ಲೇ, ವರ್ಷವಿಡೀ ಹೆಂಡತಿ ಯಾವುದೋ ಲೋಕದಲ್ಲಿದ್ದಳು ಎಂಬುದು ಅವರಿಗೆ ತಟ್ಟಿದೆ. ಏನು ಕೊರತೆ ಎಂದು ಕೇಳಿದ್ದು ಗದರಿಕೆಯೆಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಉತ್ತರ ಬೇಕಾಗಿದೆ, ನೀವು ಇನ್ನೂ ಕೊಟ್ಟಿಲ್ಲ. ಕೊಡುವಾಗ ಆ ನಾಯಕನನ್ನು ನಡುವೆ ತರಬೇಡಿ. ಲೇಖಕಿಯೊಬ್ಬರು ಹದಿನಾರು ಗಂಟೆಗೆಂದು ಬರೆದವನ ಜೊತೆ, ಹತ್ತೊಂಬತ್ತು ವರ್ಷ ಸಂಸಾರ ಮಾಡಿದವರನ್ನು ತೂಗುವುದು ಸರಿಯಲ್ಲ. ಜೂನ್ ತಿಂಗಳ ಆ ಸಂಜೆಯನ್ನು ಮಾತ್ರ, ದೂರಿನ ದನಿಯಿಲ್ಲದೆ, ಇದ್ದದ್ದು ಇದ್ದಂತೆ ಹೇಳಿ. ಅವರಿಗೆ ಅದು ನೆನಪೇ ಇರಲಿಕ್ಕಿಲ್ಲ; ಬೇಸರಿಸದೆ ಇನ್ನೊಮ್ಮೆ ಹೇಳಿ.

ಇಯರ್‌ಫೋನ್ ತೆಗೆದಿಟ್ಟು, ಊಟವಾದ ಮೇಲೆ ಚಾವಡಿಯಲ್ಲೇ ಕುಳಿತು ನೋಡಿ. ನಗುವ ಮಗಳನ್ನು ಪಕ್ಕಕ್ಕೆ ಕರೆದು, ಇಂಗ್ಲಿಷ್ ಅಡಿಬರಹವನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಲು ತಿಳಿಸಿ. ಅವರು ಎರಡು ದಿನ ಎದ್ದು ಹೋಗಬಹುದು, ಹೋಗಲಿ. ಅವರು ನಡುವೆ ಏನಾದರೂ ಕೇಳಿದರೆ ಕಂತನ್ನು ಅಲ್ಲೇ ನಿಲ್ಲಿಸಿ, ಮೊದಲು ಅವರ ಮಾತಿಗೆ ಉತ್ತರ ಕೊಡಿ.