ಕುವೈತ್‌ನ ಕಥೆಯನ್ನು ಮಕ್ಕಳಿಂದ ಮುಚ್ಚಿಡಬೇಕೆ?

ಕುವೈತ್ ಯುದ್ಧದಲ್ಲಿ ದುಡಿದದ್ದನ್ನೆಲ್ಲ ಕಳೆದುಕೊಂಡ ತಂದೆಯವರು ಇರಾಕಿನವರನ್ನು ಇಂದಿಗೂ ಶಪಿಸುತ್ತಾರೆ, ಈಗ ಮಗನೂ ಅದೇ ಮಾತನ್ನಾಡುತ್ತಿದ್ದಾನೆ, ಮನೆಯಲ್ಲಿ ಆ ವಿಷಯವೇ ಬರದಂತೆ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ನಿಮ್ಮ ತಂದೆಯವರ ಜಾಗದಲ್ಲಿ ನಾನಿದ್ದೇನೆ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ನುಗ್ಗಿದಾಗ ನಾನು ಕುವೈತ್ ನಗರದ ಪಕ್ಕದ ಹವಲ್ಲಿಯ ಟಯರ್ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ದುಡಿದಿದ್ದೆ. ಸೈನಿಕರು ಅಂಗಡಿಯನ್ನು ಬರಿದು ಮಾಡಿದರು. ಬಸ್ರಾ, ಬಾಗ್ದಾದ್ ದಾಟಿ, ಜೋರ್ಡಾನ್ ಗಡಿಯ ಡೇರೆಗಳಲ್ಲಿ ದಿನ ಕಳೆದು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದಿಳಿದ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ನಾನೂ ಒಬ್ಬ. ಉಡುಪಿಯ ಬಳಿಯ ಕಾಪುವಿನಲ್ಲಿ ಕಟ್ಟಿಸುತ್ತಿದ್ದ ಮನೆ ಆರು ವರ್ಷ ಸೂರಿಲ್ಲದೆ ನಿಂತಿತು.

ನನ್ನ ತಪ್ಪು ಆಮೇಲಿನದು. ಅಂಗಡಿಯ ಗೋದಾಮು ನೋಡಿಕೊಳ್ಳುತ್ತಿದ್ದ ಪ್ಯಾಲೆಸ್ತೀನಿನ ಹಿರಿಯರೊಬ್ಬರು ಮೂರು ವಾರ ನಮಗೆ ನಾಲ್ವರಿಗೆ ತಮ್ಮ ಮನೆಯ ಕುಬ್ಬೂಸ್, ಅಂದರೆ ಅರಬರ ರೊಟ್ಟಿ, ತಂದುಕೊಟ್ಟಿದ್ದರು, ಬಸ್ಸಿನ ಹಣವನ್ನೂ ತಾವೇ ತೆತ್ತಿದ್ದರು. ದಾರಿಯ ತಪಾಸಣೆಯಲ್ಲಿ ಇರಾಕಿ ಸೈನಿಕನೊಬ್ಬ, ಇರಾನ್ ಯುದ್ಧ ಮುಗಿಸಿ ಎರಡು ವರ್ಷವೂ ಮನೆಯಲ್ಲಿ ನಿಲ್ಲಲಾಗಲಿಲ್ಲವೆನ್ನುತ್ತ, ನಮ್ಮ ಕ್ಯಾನಿಗೆ ನೀರು ತುಂಬಿಸಿಕೊಟ್ಟಿದ್ದ. ಊರಿಗೆ ಬಂದವನು ಈ ಇಬ್ಬರನ್ನೂ ಕಥೆಯಿಂದ ತೆಗೆದುಹಾಕಿದೆ. ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ನನಗೆ ಕಳ್ಳನೊಬ್ಬ ಬೇಕಾಗಿದ್ದ. ಅನ್ನ ಕೊಟ್ಟವರ ಮಾತೆತ್ತಿದರೆ ಕೇಳುವವರ ಮರುಕ ಸಡಿಲವಾಗುತ್ತಿತ್ತು. ನೂರು ಸಲ ಹಾಗೆ ಹೇಳಿದ ಮೇಲೆ ನನ್ನ ನೆನಪಿನಲ್ಲೂ ಅಷ್ಟೇ ಉಳಿಯಿತು, ಮಗ ಅದನ್ನೇ ಕೇಳುತ್ತ ಬೆಳೆದ. 2003ರಲ್ಲಿ ಬಾಗ್ದಾದಿನ ಮೇಲೆ ಬಾಂಬು ಬೀಳುವುದನ್ನು ಟಿವಿಯಲ್ಲಿ ಕಂಡು ಹದಿನೈದು ವರ್ಷದ ಆ ಹುಡುಗ ಚಪ್ಪಾಳೆ ತಟ್ಟಿದ. ನಾನು ಸುಮ್ಮನಿದ್ದೆ, ಒಳಗೊಳಗೆ ಸಮಾಧಾನವೂ ಆಗಿತ್ತೆಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಇರಾನಿನೊಡನೆ ಎಂಟು ವರ್ಷ ಕಾದಾಡಿ ಇರಾಕ್ ಹೊತ್ತ ಸಾಲ ಕುವೈತ್‌ನ ಮೇಲಿನ ದಾಳಿಗೆ ಒಂದು ಕಾರಣವಾಯಿತು. ಪ್ಯಾಲೆಸ್ತೀನಿಗಳ ವಿಮೋಚನಾ ಸಂಘಟನೆ ಪಿ.ಎಲ್.ಓ.ದ ನಾಯಕತ್ವ ಇರಾಕಿನ ಅಧ್ಯಕ್ಷ ಸದ್ದಾಮನ ಕಡೆಗೆ ವಾಲಿತೆಂಬ ಸಿಟ್ಟಿಗೆ, 1991ರಲ್ಲಿ ಕುವೈತ್ ಬಿಡುಗಡೆಯಾದ ಮೇಲೆ, ಅಲ್ಲಿದ್ದ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ತೀನಿಗಳಲ್ಲಿ ಬಹುಪಾಲು ಜನರಿಗೆ ಆ ನೆಲವೇ ಇಲ್ಲವಾಯಿತು. ನಮಗೆ ಕುಬ್ಬೂಸ್ ಕೊಟ್ಟವರ ಮೊಮ್ಮಕ್ಕಳು ಈಗ ಯಾರನ್ನು ಶಪಿಸುತ್ತ ಬೆಳೆಯುತ್ತಿದ್ದಾರೋ! ನಾನು ಅವರಿಗೊಂದು ಪತ್ರವನ್ನೂ ಬರೆಯಲಿಲ್ಲ.

ಆದ್ದರಿಂದ ಬಾಯಿ ಮುಚ್ಚಿಸುವ ನಿಮ್ಮ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಬೈಗುಳ ಈಗಾಗಲೇ ನಿಮ್ಮ ಮಗನಿಗೆ ದಾಟಿದೆ. ಕಥೆ ನಿಂತರೆ ಅವನ ಬಳಿ ಬೈಗುಳವೊಂದೇ ಉಳಿಯುತ್ತದೆ. ತಂದೆಯವರಿಗೆ ಕ್ಷಮೆಯ ಉಪದೇಶವನ್ನೂ ಮಾಡಬೇಡಿ, ಅವರು ಕಳೆದುಕೊಂಡದ್ದು ನಿಜ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕುವೈತ್ ಬಿಟ್ಟ ದಿನದಿಂದ ಊರು ಸೇರುವವರೆಗೆ ಏನು ತಿಂದಿರಿ, ನೀರು ಎಲ್ಲಿ ಸಿಕ್ಕಿತು, ಕೊಟ್ಟವರು ಯಾರು ಎಂದು ಒಂದೊಂದಾಗಿ ಕೇಳಿ. ಎರಡು ವರ್ಷದ ಹಿಂದೆ ನನ್ನ ಸೊಸೆ ಹೀಗೆ ಕೇಳಿದಾಗಲೇ ಆ ಕುಬ್ಬೂಸಿನ ಮಾತು ನನ್ನ ಬಾಯಿಂದ ಹೊರಬಂದದ್ದು. ಪಕ್ಕದಲ್ಲಿದ್ದ ಮಗ ತುಸು ಹೊತ್ತು ಸುಮ್ಮನಿದ್ದು, ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಅಪ್ಪ ಎಂದು ಕೇಳಿದ.