ಮಜ್ಜಿಗೆ ಕುಡಿಯಲಿ, ಮದ್ದು ಎನ್ನಬೇಡಿ

ನಮಸ್ಕಾರ,

‘ಬಸುರಿಯ ಸಕ್ಕರೆ ಕಾಯಿಲೆಗೆ ಪ್ಲಾಸ್ಟಿಕ್ ಕಾರಣ, ಮಜ್ಜಿಗೆಯೇ ಮದ್ದು’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಭಾಷೆಯ ಮೇಲೆ ನಿಮಗೆ ಹಿಡಿತವಿದೆ, ಹಾಗಾಗಿ ನೇರವಾಗಿಯೇ ಬರೆಯುತ್ತಿದ್ದೇನೆ.

ಎರಡು ಸಂಗತಿ ಒಟ್ಟಿಗೆ ಕಂಡರೆ ಸಾಕು, ಒಂದರಿಂದಲೇ ಇನ್ನೊಂದು ಬಂತೆಂದು ತೀರ್ಪು ಕೊಟ್ಟುಬಿಡುತ್ತೀರಿ. ಗಾಳಿಯಲ್ಲಿನ ಸೂಕ್ಷ್ಮ ಕಣ, ಪ್ಲಾಸ್ಟಿಕ್‌ನ ಥ್ಯಾಲೇಟ್ ಎಂಬ ರಾಸಾಯನಿಕ ಹೆಚ್ಚಿದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹವೂ ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ, ನಿಜ. ಆದರೆ ಊಟ, ತೂಕ, ವಯಸ್ಸು, ಬಡತನ ಎಲ್ಲವೂ ಅಲ್ಲಿ ಹೆಣೆದುಕೊಂಡಿರುತ್ತವೆ.

ಕರುಳಿನ ಬ್ಯಾಕ್ಟೀರಿಯಾ ಈ ಲೇಖನದ ಜೀವ. ಅದನ್ನು ಅವಸರದಲ್ಲಿ ಮುಗಿಸಿದ್ದೀರಿ. ನೀವು ಹೇಳುವ ಫಿನ್ಲೆಂಡಿನ 91 ಗರ್ಭಿಣಿಯರ ಅಧ್ಯಯನ 2012ರದು. ಬಸುರಿನ ಕೊನೆಯ ತಿಂಗಳುಗಳ ಕರುಳಿನ ಬ್ಯಾಕ್ಟೀರಿಯಾವನ್ನು ಸೂಕ್ಷ್ಮಾಣುರಹಿತ ಇಲಿಗಳಿಗೆ ಕೊಟ್ಟಾಗ, ಮೊದಲ ತಿಂಗಳುಗಳದ್ದನ್ನು ಪಡೆದ ಇಲಿಗಳಿಗಿಂತ ಅವುಗಳಲ್ಲಿ ಕೊಬ್ಬು ಹೆಚ್ಚಿತು, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಸರಿಯಾಗಿ ನಾಟಲಿಲ್ಲ. ಇದೇ ರೋಗ ಎಂದಿದ್ದೀರಿ. ಅಲ್ಲ. ಬ್ಯಾಕ್ಟೀರಿಯಾದ ಆ ಬದಲಾವಣೆ ಆರೋಗ್ಯವಂತ ಬಸುರಿಯರಲ್ಲೂ ಕಂಡಿತ್ತು. ಕೂಸಿಗೆ ಸಕ್ಕರೆ ಸಿಗಲೆಂದು ತಾಯಿಯ ಮೈ ಇನ್ಸುಲಿನ್‌ಗೆ ತುಸು ಮಣಿಯದಾಗುವುದು ಸಹಜ. ಮಾಸಿನ ಹಾರ್ಮೋನುಗಳೂ ಅದನ್ನೇ ಮಾಡುತ್ತವೆ. ಅದಕ್ಕೆ ತಕ್ಕಷ್ಟು ಇನ್ಸುಲಿನ್ ಹೊಂದಿಸಲಾಗದಿದ್ದಾಗಲೇ ಕಾಯಿಲೆ. ಇಷ್ಟು ಬಿಡಿಸಿ ಹೇಳಿದರೆ ಓದುವ ಬಸುರಿಗೆ ಅರ್ಧ ಭಯ ಹೋಗುತ್ತದೆ.

ಮಜ್ಜಿಗೆ ಕುಡಿಯಲಿ, ಒಳ್ಳೆಯದೇ. ಆದರೆ ಆಸ್ಟ್ರೇಲಿಯಾದಲ್ಲಿ ತೂಕ ಹೆಚ್ಚಿದ್ದ 411 ಗರ್ಭಿಣಿಯರ ಮೇಲೆ ಪ್ರೊಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾ, ಕೊಟ್ಟು ಪರೀಕ್ಷಿಸಿ ನೋಡಿದರು. 2019ರಲ್ಲಿ ಬಂದ ಫಲಿತಾಂಶ: ಮಧುಮೇಹ ತಡೆಯಲಾಗಲಿಲ್ಲ. ನಿಮ್ಮ ಶೀರ್ಷಿಕೆ ನಂಬಿ ಯಾರಾದರೂ ತಪಾಸಣೆ ತಪ್ಪಿಸಿಕೊಂಡರೆ?

ಫಿನ್ಲೆಂಡಿನವರೆಗೆ ಹೋದವರು ಮೈಸೂರನ್ನು ಮರೆತಿದ್ದೀರಿ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದ್ದರು; ಬಿ12 ಜೀವಸತ್ವದ ಕೊರತೆಯಿದ್ದವರಲ್ಲಿ ಈ ಮಧುಮೇಹ ಹೆಚ್ಚಿತ್ತು. ಇದೂ ನಂಟಷ್ಟೇ, ಹಾಗೆಂದೇ ಬರೆಯಿರಿ.

‘ನಿರ್ಲಕ್ಷ್ಯದ ತಾಯಂದಿರು’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಬೀದಿಯ ಹೊಗೆಯನ್ನು ಯಾವ ತಾಯಿಯೂ ಆರಿಸಿಕೊಂಡದ್ದಲ್ಲ. ನನಗೆ ನಿಜಕ್ಕೂ ನೋವಾದದ್ದು ಆ ಸಾಲಿನಿಂದ.

ಇನ್ನು, ತಪಾಸಣೆಯ ಮಾತೇ ಲೇಖನದಲ್ಲಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ, 2 ಗಂಟೆಯ ಮೇಲೆ ರಕ್ತ ನೋಡುತ್ತಾರೆ. ಉಪವಾಸ ಬೇಕಿಲ್ಲ. ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಚಿಕಿತ್ಸೆ. ಇದನ್ನು ಮೊದಲ ಪ್ಯಾರಾದಲ್ಲೇ ಹಾಕಿ, ಶೀರ್ಷಿಕೆ ಬದಲಿಸಿ ಕಳಿಸಿ. ನಾನೇ ಓದುತ್ತೇನೆ.

— ಸಂಪಾದಕಿ