ಪ್ರತಿಕ್ರಿಯೆ: ಸ್ಟಾರ್ ಗಾಯಕನಿಲ್ಲದೆ ರೆನಿಗೇಡ್ಸ್ ಉಳಿದದ್ದು ಹೇಗೆ?

ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ರೆನಿಗೇಡ್ಸ್ ಸ್ಟೀಲ್ ಬ್ಯಾಂಡ್‌ನಲ್ಲಿ (ಎಣ್ಣೆ ಡ್ರಮ್ಮಿನಿಂದ ಮಾಡಿದ ‘ಪ್ಯಾನ್’ ವಾದ್ಯಗಳ ತಂಡ) ಹೆಸರಾಂತ ಗಾಯಕರೇ ಇಲ್ಲ, ಆದರೂ ಇಷ್ಟು ದಶಕ ಹೇಗೆ ಬಾಳಿತು ಅಂತ ಕೇಳಿದ್ದೀರಿ. ಅಲ್ಲಿ ಗಾಯಕನ ಜಾಗದಲ್ಲಿರುವುದು ಅರೇಂಜರ್, ಅಂದರೆ ಹಾಡನ್ನು ಬ್ಯಾಂಡಿನ ವಾದ್ಯಗಳಿಗೆ ಹೊಂದಿಸಿ ಕೊಡುವವರು. ಭಾರತೀಯ ಮೂಲದ ಜಿತ್ ಸಮರೂ 1971ರಲ್ಲಿ ಬಂದರು. 1982ರಿಂದ 1997ರೊಳಗೆ ಕಾರ್ನಿವಲ್ ಹಬ್ಬದ ಹೊತ್ತಿಗೆ ನಡೆಯುವ ಸ್ಟೀಲ್ ಬ್ಯಾಂಡ್‌ಗಳ ಪನೋರಮಾ ಸ್ಪರ್ಧೆಯನ್ನು ಒಂಬತ್ತು ಸಲ ಗೆಲ್ಲಿಸಿದರು, ಕೊನೆಯ ಮೂರು ಸತತವಾಗಿ. ಅವರ ನಂತರ ಬ್ಯಾಂಡ್ ಮಂಕಾಯಿತು ನಿಜ, ಆದರೆ ಮುಚ್ಚಲಿಲ್ಲ. ಡುವೋನ್ ಸ್ಟೂವರ್ಟ್ ಅರೇಂಜ್ ಮಾಡಿದ 2018, 2019ರಲ್ಲಿ ಮತ್ತೆ ಗೆದ್ದಿತು.

ಮುಚ್ಚದಿರಲು ಕಾರಣ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಷಾರ್ಲೆಟ್ ಸ್ಟ್ರೀಟ್‌ನಲ್ಲಿರುವ ಬ್ಯಾಂಡಿನ ಪ್ಯಾನ್‌ಯಾರ್ಡ್ (ತಾಲೀಮಿನ ಅಂಗಳ), ಜೊತೆಗೆ ತೈಲ ಕಂಪನಿಯ ಪ್ರಾಯೋಜಕತ್ವ (ಮೊದಲು ಅಮೋಕೊ, ಈಗ ಬಿಪಿ). ದುಡ್ಡು ಏಕೆ ಬೇಕು ಅಂದರೆ, ಒಂದು ಪ್ಯಾನ್ ಮಾಡಲು ಸುಮಾರು 200 ಲೀಟರಿನ ಎಣ್ಣೆ ಡ್ರಮ್ಮಿನ ತಳವನ್ನು ಬಡಿದು ತಗ್ಗು ಮಾಡಿ, ಸ್ವರಗಳ ಗೆರೆ ಕೊರೆದು, ಬೆಂಕಿಯಲ್ಲಿ ಕಾಯಿಸಿ, ಆಮೇಲೆ ಸುತ್ತಿಗೆಯಿಂದ ಒಂದೊಂದೇ ಸ್ವರ ಕೂಡಿಸಬೇಕು. ಸಿಕ್ಸ್ ಬಾಸ್ ಅನ್ನುವ ಒಂದೇ ವಾದ್ಯಕ್ಕೆ ಆರು ಡ್ರಮ್, ಒಂದೊಂದರಲ್ಲಿ ಮೂರೇ ಸ್ವರ! ಕ್ರೋಮ್ ಲೇಪನ ಕೊಟ್ಟರೆ ಶ್ರುತಿ ಕೆಡುತ್ತದೆ, ಶ್ರುತಿ ಮಾಡುವ ಟ್ಯೂನರ್ ಮತ್ತೆ ಕೂರಬೇಕು. ಜೋರಾಗಿ ಬಾರಿಸಿದರೂ ಅಷ್ಟೇ. ದೊಡ್ಡ ಬ್ಯಾಂಡಿನಲ್ಲಿ ನೂರಕ್ಕೂ ಹೆಚ್ಚು ವಾದಕರು, ಲೆಕ್ಕ ನೀವೇ ಹಾಕಿ.

ಇನ್ನೊಂದು ವಿಷಯ: ಬಹುತೇಕರು ನೊಟೇಷನ್ ನೋಡಿ ಕಲಿಯುವುದಿಲ್ಲ, ನಮ್ಮ ಪಾಠಾಂತರದ ಹಾಗೆ ತುಣುಕು ತುಣುಕಾಗಿ ಕೈಗೆ ಕೂರಿಸಿಕೊಳ್ಳುತ್ತಾರೆ. ನಾಲ್ಕು ದಿನ ತಪ್ಪಿಸಿದವನಿಗೆ ನೋಡಿಕೊಳ್ಳಲು ಹಾಳೆಯೂ ಇರುವುದಿಲ್ಲ. ಹಾಗಾಗಿ ಕಾರ್ನಿವಲ್ ಮುಂಚಿನ ವಾರಗಳಲ್ಲಿ ಇಡೀ ಓಣಿಯ ಹುಡುಗರು ರಾತ್ರಿ ಪ್ಯಾನ್‌ಯಾರ್ಡ್‌ನಲ್ಲೇ ಇರುತ್ತಾರೆ. ಮುಂದಿನ ಪೀಳಿಗೆಯ ವಾದಕರು ಸಿಗುವುದೂ ಅಲ್ಲಿಂದಲೇ.